ನಡುನೀರಲ್ಲಿ ನಿಂತ ದೋಣಿ

ದೊಡ್ಡಮ್ಮ,

ನೀನು ಕಲಿಸಿದ ದೋಣಿ ಹಾಡಿನಿಂದ ಸಾಕುಸಾಕಾಗಿದೆ. ಈ ಹೊಸ ಊರಿನ ಹಡಗು ಮ್ಯೂಸಿಯಂನಲ್ಲಿ ಕಸ ಗುಡಿಸುತ್ತ ಅದನ್ನು ಗುನುಗುತ್ತಿದ್ದೆ. ಇಲ್ಲಿನ ಸಾಹೇಬರು ಕದ್ದು ರೆಕಾರ್ಡ್ ಮಾಡಿ, ದೊಡ್ಡ ಹಡಗಿನ ಪಕ್ಕ ಇಟ್ಟ ಸ್ಪೀಕರ್ ಪೆಟ್ಟಿಗೆಯಲ್ಲಿ ದಿನವಿಡೀ ಹಾಡಿಸುತ್ತಾರೆ. ಹಿಂದೆ ಹಾಯಿಯ ಹಗ್ಗ ಎಳೆಯುವವರ ಹಾಡಂತೆ ಅದು, ಆಮೇಲೆ ಮಕ್ಕಳ ಬಾಯಿಗೆ ಬಂತಂತೆ. ಅವತ್ತು ಅವರನ್ನು ಕಂಡೊಡನೆ ನಾಚಿ ಅರ್ಧಕ್ಕೇ ಬಾಯಿ ಮುಚ್ಚಿದ್ದೆ. ಹಾಗಾಗಿ ಪೆಟ್ಟಿಗೆಯಲ್ಲಿ ದೋಣಿ ನಡುನೀರಿಗೆ ಹೋಗುತ್ತದೆ, ಬಿರುಗಾಳಿ ಏಳುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. "ಉಳಿದದ್ದೂ ಹಾಡ್ತೀನಿ ಸಾರ್" ಎಂದರೆ "ಇಷ್ಟೇ ಚೆನ್ನಾಗಿದೆ ಬಿಡಮ್ಮ" ಎನ್ನುತ್ತಾರೆ.

ಹೋದ ವಾರ ಶಾಲೆಯ ಮಕ್ಕಳು ಬಂದಿದ್ದರು. ಒಬ್ಬಳು ಪುಟ್ಟಿ ಪೆಟ್ಟಿಗೆ ತಬ್ಬಿಕೊಂಡು "ಎಲ್ರೂ ಮುಳುಗೋದ್ರಾ?" ಎಂದು ಅಳತೊಡಗಿದಳು. "ಹಾಡು ಕಣೇ ಅದು, ನಡಿ" ಎಂದು ಟೀಚರು ಎಳೆದರೂ ಕದಲಲಿಲ್ಲ. ನನಗೆ ತಡೆಯಲಾಗಲಿಲ್ಲ. ಪೊರಕೆ ಹಿಡಿದುಕೊಂಡೇ, ಎಲ್ಲರೆದುರು, ದೋಣಿ ದಡ ಮುಟ್ಟುವ ತನಕ ಹಾಡಿಬಿಟ್ಟೆ.

ಈಗ ಕಾವಲುಗಾರ ಬಂದವರಿಗೆಲ್ಲ "ಮಿಕ್ಕಿದ್ದು ಅಕ್ಕನ್ನ ಕೇಳಿ, ಪೊರಕೆ ಹಿಡ್ಕೊಂಡು ಅಲ್ಲೆಲ್ಲೋ ಇರ್ತಾಳೆ" ಎನ್ನುತ್ತಾನೆ. ಕಸ ಇದ್ದಲ್ಲೇ ಇದೆ. ಗಂಟಲು ಕಟ್ಟಿದೆ, ಉಳಿದಂತೆ ಆರೋಗ್ಯ. ನೀನು ಮಂಡಿಗೆ ಎಣ್ಣೆ ಹಚ್ಚಿಕೋ. ಹೋಗುತ್ತೇನೆ, ಇನ್ನೊಂದು ಬಸ್ಸಿನಿಂದ ಮಕ್ಕಳು ಇಳಿಯುತ್ತಿದ್ದಾರೆ.

ನಿನ್ನ ಗುಬ್ಬಿ