ನಿಮ್ಮ ಬ್ಯಾನರಿನ ಹುಡುಗಿ, ನಮ್ಮ ಶೆಡ್ಡಿನ ಹೆಲ್ಮೆಟ್ಟು

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರ ಪ್ರವೇಶ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನಗೆ ಹೊಟ್ಟೆಕಿಚ್ಚಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನ್ಯಾಯ, ಸಮಾನತೆ ಎಂಬ ದೊಡ್ಡ ಮಾತುಗಳು ಬಂದಾಗ ನನ್ನನ್ನು ಸಂತಳೆಂದು ತಿಳಿದು ನೀವು ಮೋಸಹೋಗಬಾರದು. ನನ್ನ ತಂಗಿಯ ಮಗ ಅನುರಾಗನಿಗೆ ನಿಮ್ಮಲ್ಲಿ ಸೀಟು ಸಿಕ್ಕಿತು, ನನ್ನ ಮಗಳು ಶರಣ್ಯಳಿಗೆ ಸಿಗಲಿಲ್ಲ. ಆ ಉರಿ ಆರಿಲ್ಲ. ಆದರೂ ಈ ಪತ್ರ ಅವರಿಬ್ಬರಿಗಾಗಿ ಅಲ್ಲ. ನಿಮ್ಮ ಬ್ಯಾನರಿನಲ್ಲಿ ನಗುತ್ತಿರುವ ಕಪ್ಪು ಹುಡುಗಿ ಡೆನೀಸಳ ವಿದ್ಯಾರ್ಥಿವೇತನವನ್ನು, ಆಕೆಯ ಓದು ಇನ್ನೊಂದು ವರ್ಷ ಬಾಕಿ ಇರುವಾಗಲೇ ನಿಲ್ಲಿಸುತ್ತಿದ್ದೀರಲ್ಲ, ಅದಕ್ಕಾಗಿ.

ಹೆಸರು ಬದಲಿಸಿ ಬರೆಯುತ್ತೇನೆಂದಿದ್ದೆ. ಆಕೆಯೇ ಬೇಡವೆಂದಳು. ಅವಳ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಂದರೆ ಹೀಗೆ: "ಬದಲಿಸಿದ್ರೂ ಗೊತ್ತಾಗುತ್ತೆ ಆಂಟಿ. ನಮ್ಮ ವಿಭಾಗದಲ್ಲಿ ಕಪ್ಪು ಹುಡುಗಿ ಅಂದ್ರೆ ನಾನೊಬ್ಳೇ."

ವೈಟ್‌ಫೀಲ್ಡಿನ ಹೋಟೆಲಿನಲ್ಲಿ ಸೀಟು ಸಿಕ್ಕವರ ಕುಟುಂಬಗಳಿಗೆ ನೀವು ಚಹಾಕೂಟ ಇಟ್ಟಿದ್ದಿರಿ. ಮಗಳಿಗೆ ಸೀಟು ಸಿಗದ ನಾನು ಅಲ್ಲೇಕೆ ಬಂದೆ? ತಂಗಿಯ ಗಂಡ ಋಷಿಕೇಶ ಬೆಳ್ಳಂದೂರಿನಿಂದ ಫೋನು ಮಾಡಿ, "ಅತ್ತಿಗೆ, ಎಲ್ರೂ ಬನ್ನಿ, ಶರಣ್ಯಂಗೂ ಒಂದು ಎಕ್ಸ್‌ಪೋಷರ್ ಆಗುತ್ತೆ" ಎಂದ. ಎಂಥ ಔದಾರ್ಯ! ಪೀಣ್ಯದಲ್ಲಿ ಮೆಟ್ರೊ ಹತ್ತಿ, ನಡುವೆ ಇನ್ನೊಂದಕ್ಕೆ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ ನಿಂತುಕೊಂಡೇ ಬಂದೆವು, ಗಾಯಕ್ಕೆ ಉಪ್ಪು ಹಾಕಿಸಿಕೊಳ್ಳಲು.

ಬಾಗಿಲಲ್ಲೇ ನಿಮ್ಮ ವರ್ಣರಂಜಿತ ಬ್ಯಾನರು. ವರ್ಣವೆಲ್ಲ ಒಬ್ಬಳದು, ರಂಜನೆಯೆಲ್ಲ ನಿಮ್ಮದು ಎಂದು ಆಗ ನನಗೆ ಹೊಳೆಯಲಿಲ್ಲ. ಆ ಜಾಗದಲ್ಲಿ ನನ್ನ ಮಗಳ ಮುಖ ಇರಬೇಕಿತ್ತು ಎನ್ನಿಸಿ, "ನೋಡೇ, ಇವ್ರಿಗೆಲ್ಲ ಎಷ್ಟು ಸಲೀಸು" ಎಂದೆ.

"ಅಮ್ಮಾ, ಮೆತ್ತಗೆ! ಆ ಹುಡುಗಿ ನಿನ್ ಹಿಂದೇನೇ ನಿಂತಿದಾಳೆ."

ಒಂದು ಸೆಮಿಸ್ಟರ್ ಓದಲು ಬೆಂಗಳೂರಿಗೆ ಬಂದಿದ್ದ ಆಕೆಯನ್ನು ನೀವು ಆ ಸಂಜೆ ಬ್ಯಾನರಿನ ಪಕ್ಕ ನಿಲ್ಲಿಸಲು ಕರೆಸಿದ್ದಿರಿ. ಕನ್ನಡ ತಿಳಿಯದಿದ್ದರೂ ನನ್ನ ಮುಖದಲ್ಲಿ ಬರೆದದ್ದನ್ನು ಓದಿಕೊಂಡಳೆಂದು ಕಾಣುತ್ತದೆ. ಕಾಫಿ ಹಿಡಿದು ಪಕ್ಕಕ್ಕೆ ಬಂದು ನಕ್ಕಳು. "ಆ ಬ್ಯಾನರ್ ಒಂದೇ ಅಲ್ಲ ಆಂಟಿ. ಇಂಜಿನಿಯರಿಂಗ್ ಪುಟದಲ್ಲಿ ನಾನೇ, ಲೈಬ್ರರಿ ಪುಟದಲ್ಲಿ ನಾನೇ. ಸಂಗೀತದ ಪುಟಕ್ಕೆ ಕೈಗೊಂದು ಪಿಟೀಲು ಕೊಟ್ಟು ನಿಲ್ಸಿದ್ರು. ನಂಗೆ ಪಿಟೀಲು ಬರಲ್ಲ."

ಮಾನ್ಯರೇ, ಅಷ್ಟರಲ್ಲಿ ನನಗೆ ನಮ್ಮ ಬೀದಿಯ ಹೆಲ್ಮೆಟ್ಟು ನೆನಪಾಯಿತು.

ನಾನು ಇಂಗ್ಲಿಷ್ ಎಂ.ಎ. ಮಾಡಿ ಪೀಣ್ಯದಲ್ಲಿ ಬೋಲ್ಟು ಮಾಡಿಸುವವಳು. ಬಾಯಿ ಸಡಿಲ, ಬೋಲ್ಟು ಮಾತ್ರ ಬಿಗಿ. ಮಾಲು ಕೊಳ್ಳುವ ದೊಡ್ಡ ಕಂಪನಿಯ ಆಡಿಟರ್ ಕೆಲಸದವರ ಸುರಕ್ಷತೆ ನೋಡಲು ಬಂದ ದಿನ ನಮ್ಮ ಶೆಡ್ಡುಗಳ ಸಾಲಿನಲ್ಲಿ ಒಂದು ಸಂಪ್ರದಾಯವಿದೆ. ಇರುವ ನಾಲ್ಕಾರು ಹಳದಿ ಹೆಲ್ಮೆಟ್ಟುಗಳು ಶೆಡ್ಡಿನಿಂದ ಶೆಡ್ಡಿಗೆ ಆತನಿಗಿಂತ ಮೊದಲೇ ಓಡುತ್ತವೆ. ನಮ್ಮ ಫೋರ್‌ಮನ್ ಈರೇಶ್ ಪಕ್ಕದ ಶೆಡ್ಡಿಗೆ ಫೋನಿನಲ್ಲಿ, "ಗುರು, ಸಾರ್ ಇನ್ನೂ ಟೀ ಕುಡೀತಾವ್ರೆ, ಹಿಂದ್ಗಡೆಯಿಂದ ಬೇಗ ಕಳ್ಸು!" ಎನ್ನುತ್ತಾನೆ. ಒಂದು ಹೆಲ್ಮೆಟ್ಟಿಗೆ ಯಾರೋ ಗಣಪತಿ ಸ್ಟಿಕ್ಕರ್ ಅಂಟಿಸಿದ್ದರು. ಮೂರನೆಯ ಶೆಡ್ಡಿನಲ್ಲಿ ಆಡಿಟರ್ ನಿಂತು, "ಏನ್ರೀ, ಈ ಗಣಪತಿ ಬೆಳಗ್ಗೆಯಿಂದ ನನ್ನನ್ನೇ ಫಾಲೋ ಮಾಡ್ತಿದಾನಲ್ಲ?" ಎಂದ. ನಾವೂ ನಕ್ಕೆವು, ಆತನೂ ನಕ್ಕ, ಸಹಿ ಹಾಕಿದ. ಆತ ಹೋದ ಮೇಲೆ ಕೆಲಸದವರ ತಲೆ ಮತ್ತೆ ಬರಿದು.

ನಿಮ್ಮ ಗಣಪತಿಯ ಕೈಯಲ್ಲಿ ಪಿಟೀಲಿದೆ, ಅಷ್ಟೇ ವ್ಯತ್ಯಾಸ.

ವೇದಿಕೆಯಿಂದ ನೀವು ಕಾನೂನು ವಿವರಿಸಿದಿರಿ. ಪ್ರವೇಶದಲ್ಲಿ ಜನಾಂಗ ನೋಡಬಾರದೆಂದು ನಿಮ್ಮ ಸರ್ವೋಚ್ಚ ನ್ಯಾಯಾಲಯ ಹೇಳಿದೆ; ಆದ್ದರಿಂದ ಕಪ್ಪು ವಿದ್ಯಾರ್ಥಿಗಳಿಗಿದ್ದ ವೇತನವನ್ನೂ ಮುಚ್ಚುತ್ತಿದ್ದೀರಿ. ಸರಿ. ಆದರೆ ಅಪ್ಪನನ್ನು ನೋಡಬಾರದೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲವೆಂದು, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆಯನ್ನು 'ಲೆಗಸಿ', ಅಂದರೆ 'ಪರಂಪರೆ' ಎಂಬ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೀರಿ! ಋಷಿಕೇಶ ನಿಮ್ಮಲ್ಲಿ ಎಂ.ಎಸ್. ಮಾಡಿದವನು. ಇಲ್ಲಿ ಮೀಸಲಾತಿ ಎಂದರೆ ಊಟ ಬಿಟ್ಟು ಏಳುವ ಮನುಷ್ಯ, ಮಗನ ಸೀಟಿನ ಬಗ್ಗೆ "ಪ್ಯೂರ್ ಮೆರಿಟ್ಟು ಅತ್ತಿಗೆ" ಎನ್ನುತ್ತಾನೆ. ಅವರಿಗೆ ಲೆಗಸಿ, ನಮಗೆ ಪೀಣ್ಯದ ಪಕ್ಕದ ಲಗ್ಗೆರೆ. ಇದಕ್ಕೆ ಉರಿಯದಿರಲು ನಾನೇನು ಅಗ್ನಿಶಾಮಕ ದಳವೇ?

ಆದರೆ ನನ್ನ ಉರಿ ಡೆನೀಸಳ ಮುಂದೆ ಚಿಲ್ಲರೆ. ಆಕೆಯ ಅಜ್ಜ ನಿಮ್ಮದೇ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಪಾತ್ರೆ ತೊಳೆದು ನಿವೃತ್ತರಾದವರಂತೆ. ಅವರು ಕೆಲಸಕ್ಕೆ ಸೇರಿದಾಗ ಕಪ್ಪು ಜನರಿಗೆ ಅಡುಗೆಮನೆಯ ಬಾಗಿಲು ತೆರೆದಿತ್ತು, ತರಗತಿಯದು ಮುಚ್ಚಿತ್ತು. ಎರಡು ವರ್ಷ ಇದ್ದು ಬಂದ ನನ್ನ ತಂಗಿಯ ಗಂಡನಂಥವನು ಪರಂಪರೆ. ಜೀವಮಾನವಿಡೀ ಇದ್ದ ಆ ಅಜ್ಜ ಏನು? ಒಳಗೆ ಬಿಡದೆ ಇದ್ದವರ ಮೊಮ್ಮಗಳನ್ನು 'ನಿನ್ನವರು ಯಾರಾದರೂ ಇಲ್ಲಿ ಓದಿದ್ದರೇ' ಎಂದು ಕೇಳುವುದಕ್ಕೆ ನಿಮಗೆ ಒಂದಿಷ್ಟೂ ಮುಜುಗರವಾಗುವುದಿಲ್ಲವೇ? ಬಣ್ಣವನ್ನು ಕಾಣಬಾರದೆಂದು ಕಣ್ಣು ಕಟ್ಟಿಕೊಂಡ ನೀವು ಕ್ಯಾಮೆರಾಕ್ಕೆ ಮಾತ್ರ ಯಾಕೆ ಕಟ್ಟಲಿಲ್ಲ?

ವೇತನ ನಿಂತರೆ ಏನು ಮಾಡ್ತೀಯಾ ಎಂದು ಶರಣ್ಯ ಕೇಳಿದಳು. "ಊರಿಗೆ ಹೋಗಿ ಕೆಲಸ ಹುಡುಕ್ತೀನಿ. ಫೋಟೋಗಳು ಹೇಗೂ ಅಲ್ಲೇ ಓದ್ತಾ ಇರ್ತವೆ" ಎಂದಳು ಡೆನೀಸ್.

ಹಾಗಾಗಿ ನನ್ನ ಒತ್ತಾಯ ಇಷ್ಟು. ಓದು ಮುಗಿಯುವವರೆಗೂ ಕೊಡುತ್ತೇವೆಂದು ಮೊದಲು ನೀವೇ ಆಕೆಗೆ ಕೊಟ್ಟ ಮಾತಿನಂತೆ ಕೊನೆಯ ವರ್ಷದ ವೇತನ ಕೊಡಿ, ಪರಂಪರೆಯ ಬಾಗಿಲು ಮುಚ್ಚಿ. ಆಗುವುದಿಲ್ಲವೇ? ಹಾಗಾದರೆ ಆಕೆಯನ್ನು ಎಲ್ಲ ಪುಟಗಳಿಂದ, ವೈಟ್‌ಫೀಲ್ಡಿನ ಆ ಬಾಗಿಲಿನಿಂದಲೂ ತೆಗೆಯಿರಿ. ಉಳಿಯುವುದನ್ನು ನೋಡಿಕೊಳ್ಳಿ: ಹುಲ್ಲುಹಾಸು, ಕಂಬಗಳು, ಯಾರೂ ನುಡಿಸದ ಒಂದು ಪಿಟೀಲು.

ನನ್ನದು ಬಿಡಿ. ಅನುರಾಗ ಪದವಿ ಪಡೆದ ದಿನ ಹೊಟ್ಟೆ ಉರಿಸಿಕೊಳ್ಳಲು ಈಗಾಗಲೇ ಸಿದ್ಧಳಾಗಿದ್ದೇನೆ. ಡೆನೀಸಳ ಮೇಲೂ ಹಾಗೆ ನಿರಾಳವಾಗಿ ಹೊಟ್ಟೆಕಿಚ್ಚು ಪಡಬೇಕೆಂಬ ಆಸೆ. ಅದಕ್ಕೆ ಮೊದಲು ಆಕೆಗೆ ಏನಾದರೂ ಸಿಗಬೇಕಲ್ಲ?

ಇಂತಿ,
ನಿಮ್ಮ ಕಾಫಿ ಕುಡಿದು, ಆ ಋಣವನ್ನು ಹೀಗೆ ತೀರಿಸುತ್ತಿರುವ
ಊರ್ಮಿಳಾ
ಪೀಣ್ಯ

(ಈ ಪತ್ರ ಕಳಿಸುವ ಮೊದಲು ಈರೇಶನಿಗೆ ಓದಿ ಹೇಳಿದೆ. "ಮೇಡಂ, ಅವ್ರಿಗೆ ಬರೆಯೋಕ್ ಮುಂಚೆ ನಮ್ ಹುಡುಗ್ರಿಗೆ ಹೆಲ್ಮೆಟ್ ತರ್ಸಿ" ಎಂದ. ತರಿಸಿದ್ದೇನೆ, ತಲೆಗೊಂದು. ಇನ್ನು ಸರದಿ ನಿಮ್ಮದು.)