ಜೂನ್ ಹತ್ತರವರೆಗೂ ಸಸಿ ಮುಟ್ಟಬೇಡ

ಯೆಫೀಮ್,

ಆಸ್ಪತ್ರೆ ಕಡೆಯ ಬಸ್ಸಿಗೆ ಹೊತ್ತಾಯ್ತು. ನಿನ್ನನ್ನ ಎಬ್ಬಿಸಲಿಲ್ಲ, ಎಬ್ಬಿಸಿದ್ರೆ ಇಬ್ರೂ ಅತ್ಕೊಂಡು ಕೂತಿರ್ತಿದ್ವಿ. ಎಲೆಕೋಸಿನ ಸಾರು ನೆಲಮಾಳಿಗೇಲಿದೆ.

ಕಿಟಕಿ ಕಟ್ಟೆ ಮೇಲಿರೋ ಟೊಮೆಟೊ ಸಸಿಗಳನ್ನ ಜೂನ್ ಹತ್ತರವರೆಗೂ ಹೊರಗೆ ನೆಡಬೇಡ. ಮೇ ತಿಂಗಳ ರಜಾ ಬಂದ ತಕ್ಷಣ ಗುದ್ದಲಿ ಹಿಡ್ಕೊಂಡು ಓಡ್ತೀಯ. ಹೋದ ವರ್ಷ ನಲವತ್ತು ಸಸೀನೂ ಒಂದೇ ದಿನ ಹಿಮಕ್ಕೆ ಕರಟಿಹೋದ್ವು, ನೆನಪಿದೆಯಾ? ಬೇಲಿ ಹತ್ರದ ಕಾಡುಚೆರಿ ಹೂಬಿಟ್ಟಿದ್ದು ನೋಡಿ ಬೇಸಿಗೆ ಬಂತು ಅಂತ ಕುಣೀಬೇಡ. ಅದು ಅರಳಿದ್ಮೇಲೆ ಚಳಿ ಇನ್ನೊಂದ್ಸಲ ಬಂದೇ ಬರುತ್ತೆ.

ಡಾಕ್ಟರ್ ಹೇಳಿದ್ದನ್ನ ನೀನೂ ಕೇಳಿಸ್ಕೊಂಡಿದ್ದೀಯ. ವಾಸಿಯಾಗುತ್ತೆ ಅಂತ ಪಕ್ಕದ್ಮನೆ ತೈಸಿಯಾ ಹತ್ರ ಹೇಳ್ಕೊಂಡು ತಿರುಗಬೇಡ.

ಆಗಸ್ಟ್ ಇಪ್ಪತ್ತಕ್ಕೆ ಮತ್ತೆ ಹಿಮ ಶುರು. ಅಷ್ಟರೊಳಗೆ ಕಾಯೆಲ್ಲ ಕಿತ್ಬಿಡು, ಹಸಿರಾಗಿದ್ರೂ ಸರಿ. ಯಾವಾಗಿನ ಹಾಗೆ ಉಣ್ಣೆ ಬೂಟೊಳಗೆ ತುಂಬಿ ಒಲೆ ಪಕ್ಕ ಇಡು, ನಿಧಾನವಾಗಿ ಹಣ್ಣಾಗ್ತವೆ. ಯಾರ ಬೂಟು ತುಂಬೋದು, ಯಾರು ಕಾಲಿಗೆ ಹಾಕ್ಕೊಳ್ಳೋದು ಅಂತ ಪ್ರತಿ ವರ್ಷ ಜಗಳ ಆಡ್ತಿದ್ವಲ್ಲ.

ಈ ಸಲ ಜಗಳ ಇಲ್ಲ. ನನ್ನವನ್ನೇ ತಗೋ.

ಗ್ಲಾಫಿರಾ