ಬೇರೆ ಮೊಳೆ

ರೋಣ, ೧೧ ಮಾರ್ಚ್ ೨೦೨೫, ಮಂಗಳವಾರ

ಇವತ್ತೂ ನನ್ನ ಹೆಂಡತಿಯ ತಾಟಿಗೆ ಅವ್ವ ಕೆಂಪು ಚಟ್ನಿ ಬಡಿಸಲಿಲ್ಲ. ಶೈಲಾಳಿಗೆ ವಾರದಿಂದ ಉರಿಮೂತ್ರ. "ಖಾರ ತಿಂದ್ರ ಉಷ್ಣ ಇನ್ನೂ ಹೆಚ್ಚಾಕ್ಕೈತಿ" ಅಂದಳು ಅವ್ವ. ಶೈಲಾ ಮಜ್ಜಿಗೆ ಅನ್ನ ಕಲಸಿಕೊಂಡಳು. ನನ್ನ ರೊಟ್ಟಿಯ ಮೇಲೆ ಮಾತ್ರ ಚಟ್ನಿ ಬಿತ್ತು. ತಿಂದೆ.

ಅದು ಉಷ್ಣ ಅಲ್ಲ. ಹೋದ ತಿಂಗಳು ನನಗೂ ಅದೇ ಉರಿ ಇತ್ತು. ಇಲ್ಲಿ ಗುರುತಿನವರು ಸಿಗುತ್ತಾರೆಂದು ಹುಬ್ಬಳ್ಳಿಯ ದವಾಖಾನೆಗೆ ಹೋಗಿದ್ದೆ. ಗೋವಾದ ಲಾಡ್ಜಿನಲ್ಲಿ ಬೇರೊಬ್ಬಳ ಜೊತೆ ಮಲಗಿದ್ದನ್ನು ಡಾಕ್ಟರರಿಗೆ ಹೇಳಿದೆ. ಅವರು ಬೈಯಲಿಲ್ಲ.

"ಲೈಂಗಿಕ ಸೋಂಕು ಯಾರಿಗರ ಬರತೈತ್ರಿ, ಒಳ್ಳೆಯವ್ರು ಕೆಟ್ಟವ್ರು ಅಂತ ನೋಡೂದಿಲ್ಲ. ಮನಿಯವ್ರನ್ನೂ ಕರ್ಕೊಂಡ ಬರ್ರಿ, ಇಬ್ಬರೂ ಔಷಧ ತಗೋಬೇಕು."

ಹೂಂ ಅಂದು ಬಂದೆ. ನಾನೊಬ್ಬನೇ ಗುಣವಾದೆ. ಡಾಕ್ಟರರ ಮಾತು ಹೇಳಿದರೆ ಗೋವಾದ ಮಾತೂ ಹೇಳಬೇಕಾಗುತ್ತದೆ. ನನ್ನನ್ನು ಬಿಟ್ಟು ಬೇರೆ ಗಂಡಸಿನ ಮುಖ ನೋಡದವಳಿಗೆ ಹ್ಯಾಗೆ ಹೇಳಲಿ.

ಸಂಜೆ ಬಚ್ಚಲಲ್ಲಿ ಮುಖ ತೊಳೆದು ಕೈ ಚಾಚಿದರೆ ಗೂಟಕ್ಕೆ ನನ್ನ ಟಾವೆಲ್ ಒಂದೇ ಇತ್ತು. ಅವಳದು ಹಿತ್ತಲ ಬಾಗಿಲ ಹಿಂದೆ, ಹೊಸದಾಗಿ ಹೊಡೆದ ಮೊಳೆಗೆ ತೂಗುತ್ತಿತ್ತು. ಯಾಕೆಂದು ಕೇಳಿದೆ.

"ಏನರ ಸೋಂಕ ಇದ್ರ ನಿಮಗ ಹತ್ತಬಾರದಲ್ರಿ" ಅಂದಳು. ತಪ್ಪು ತನ್ನದೇ ಎನ್ನುವ ಹಾಗೆ ತಲೆ ತಗ್ಗಿಸಿದ್ದಳು.

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

"ಮೊಳಿ ಸಡ್ಲ ಐತಿ" ಅಂದು, ಕಲ್ಲು ತಂದು ಅದನ್ನು ಗಟ್ಟಿಯಾಗಿ ಹೊಡೆದುಕೊಟ್ಟೆ.